ಸೂಕ್ಷ್ಮಛೇದನ ಉಪಕರಣಗಳು

ಸೂಕ್ಷ್ಮದರ್ಶಕದ ಕೆಳಗೆ ಚಿಕ್ಕ ಜೀವಿಗಳನ್ನು ಬಿಡಿಸಿ ನೋಡಲು, ಅಂಗಾಂಶದ ತುಣುಕನ್ನು ಅಕ್ಕಪಕ್ಕಕ್ಕೆ ಪೆಟ್ಟಾಗದಂತೆ ಕತ್ತರಿಸಿ ತೆಗೆಯಲು, ಭ್ರೂಣದ ಒಂದು ಭಾಗವನ್ನು ಕಿತ್ತು ಇನ್ನೊಂದು ಭ್ರೂಣಕ್ಕೆ ನಾಟಲು ಪ್ರಯೋಗಾಲಯಗಳಲ್ಲಿ ಬಳಸುವ ಹರಿತವಾದ ಸಲಕರಣೆಗಳು. ಸ್ಪ್ರಿಂಗ್ ಕತ್ತರಿ, ಸ್ಕಾಲ್ಪೆಲ್, ಬ್ಲೇಡಿನ ಚೂರು, ಟಂಗ್‌ಸ್ಟನ್ ಸೂಜಿ, ಗಾಜಿನ ಸೂಜಿ, ಕೂದಲಿನ ಕುಣಿಕೆ, ವಜ್ರದ ಚಾಕು, ಲೇಸರ್ ಕಿರಣ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಚಿಮಟ ಕತ್ತರಿಸುವುದಿಲ್ಲ. ಆದರೆ ಒಂದು ಕೈಯಲ್ಲಿ ಚಿಮಟ ಹಿಡಿಯದೆ ಇನ್ನೊಂದು ಕೈಯ ಅಲಗು ಏನನ್ನೂ ಮಾಡಲಾರದಾದ್ದರಿಂದ ಅದನ್ನೂ ಇಲ್ಲಿಯೇ ಸೇರಿಸಬೇಕು. ಕೆಲಸದ ಹರಹು ಕೆಲವು ಮಿಲಿಮೀಟರುಗಳಿಂದ ಒಂದು ಜೀವಕೋಶದ ಅಗಲದವರೆಗೆ, ಅಂದರೆ ಸುಮಾರು 10 ಮೈಕ್ರಾನ್‌ವರೆಗೆ ಇಳಿಯುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಈ ಸಲಕರಣೆಗಳಲ್ಲಿ ಪ್ರಯೋಗಾಲಯಕ್ಕೆಂದೇ ಹುಟ್ಟಿದವು ಬಹಳ ಕಡಿಮೆ. ಚಿಮಟ ಬಂದದ್ದು ಗಡಿಯಾರದ ಕೆಲಸಗಾರರಿಂದ. ಸ್ಪ್ರಿಂಗ್ ಕತ್ತರಿ ಕಣ್ಣಿನ ಶಸ್ತ್ರವೈದ್ಯರಿಂದ. ಬ್ಲೇಡು ಕ್ಷೌರದ ಪೆಟ್ಟಿಗೆಯಿಂದ. ಕೂದಲಿನೆಳೆಯಂಥ ಗುಂಡುಸೂಜಿ ಕೀಟ ಸಂಗ್ರಹಿಸುವವರಿಂದ. ಜೀವವಿಜ್ಞಾನಿಗಳು ತಮ್ಮ ಕೈಯಾರೆ ಮಾಡಿಕೊಂಡದ್ದು ಗಾಜಿನ ಸೂಜಿ ಮತ್ತು ಕೂದಲಿನ ಚಾಕು. ಈ ಎರವಲಿನ ದಾರಿ ಗೊತ್ತಿದ್ದರೆ ಯಾವ ಸಲಕರಣೆಗೆ ಆ ಆಕಾರ ಏಕೆ ಬಂತು, ಯಾವ ಕೆಲಸಕ್ಕೆ ಅದು ಒಗ್ಗುವುದಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಅಲಗಿನ ಬಾಯಿ

ಕತ್ತರಿಸುವುದೆಂದರೆ ಒತ್ತಡವನ್ನು ಆದಷ್ಟು ಕಿರಿದಾದ ಜಾಗದಲ್ಲಿ ಕೂಡಿಸುವುದು. ಅಲಗಿನ ಬಾಯಿ ಎಷ್ಟು ತೆಳುವಾಗಿದ್ದರೆ ಅಷ್ಟು ಕಡಿಮೆ ಬಲ ಸಾಕು, ಅಷ್ಟು ಕಡಿಮೆ ಪ್ರಮಾಣದಲ್ಲಿ ಪಕ್ಕದ ಕೋಶಗಳು ನಲುಗುತ್ತವೆ. ಎಂಥ ಹರಿತವಾದ ಬಾಯಿಯೂ ಒಂದು ಗೆರೆಯಲ್ಲ. ದೊಡ್ಡದು ಮಾಡಿ ನೋಡಿದರೆ ದುಂಡಗಿನ ಅಂಚು. ಹೊಸ ಕ್ಷೌರದ ಬ್ಲೇಡಿನಲ್ಲಿ ಆ ದುಂಡಿನ ತ್ರಿಜ್ಯ ಕೆಲವು ಹತ್ತು ನ್ಯಾನೋಮೀಟರುಗಳಷ್ಟಿರುತ್ತದೆ, ಒಳ್ಳೆಯ ವಜ್ರದ ಚಾಕುವಿನಲ್ಲಿ ಕೆಲವೇ ನ್ಯಾನೋಮೀಟರು. ಮೊಂಡು ಅಲಗು ಅಂಗಾಂಶವನ್ನು ಮೊದಲು ತಳ್ಳುತ್ತದೆ, ಆಮೇಲೆ ಹರಿಯುತ್ತದೆ. ಮಿದುಳಿನಂಥ, ಭ್ರೂಣದಂಥ ಮೆತ್ತನೆಯ ವಸ್ತುವಿನಲ್ಲಿ ಈ ತಳ್ಳುವಿಕೆಯೇ ದೊಡ್ಡ ಹಾನಿ. ಆದ್ದರಿಂದಲೇ ಅಲಗನ್ನು ನೇರವಾಗಿ ಒತ್ತದೆ ಉದ್ದಕ್ಕೆ ಎಳೆಯುತ್ತಾ ಇಳಿಸಬೇಕು. ಹಾಗೆ ಎಳೆದಾಗ ಕೆಳಮುಖವಾಗಿ ಬೇಕಾಗುವ ಬಲ ತುಂಬ ಇಳಿಯುತ್ತದೆ. ಕಂಪಿಸುವ ಅಲಗಿನ ಮೈಕ್ರೊಟೋಮು ಜೀವಂತ ಮಿದುಳನ್ನು 300 ಮೈಕ್ರಾನ್ ದಪ್ಪದ ಹೋಳುಗಳಾಗಿ ಕತ್ತರಿಸುವುದೂ ಇದೇ ಉಪಾಯದಿಂದ.

ಕೆಲಸಕ್ಕೆ ತಕ್ಕಂತೆ ಹರಿತ ಎಷ್ಟಿರಬೇಕೆಂದು ಗೊತ್ತುಮಾಡುವ ಯೋಚನೆ ಬಹಳ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನ 101 ಯಂತ್ರಗಳನ್ನೂ 20 ಶಸ್ತ್ರಗಳನ್ನೂ ಹೆಸರಿಸಿದ ಮೇಲೆ ಶಸ್ತ್ರದ ಬಾಯಿಯ ಅಳತೆ ಹೇಳುತ್ತದೆ: ಸೀಳುವ ಶಸ್ತ್ರಕ್ಕೆ ಮಸೂರದ ಕಾಳಿನಷ್ಟು, ಕೆರೆಯುವುದಕ್ಕೆ ಅದರ ಅರ್ಧ, ಚುಚ್ಚುವುದಕ್ಕೆ ಕೂದಲಿನಷ್ಟು, ಕತ್ತರಿಸಿ ತೆಗೆಯುವುದಕ್ಕೆ ಅರ್ಧ ಕೂದಲಿನಷ್ಟು. ಕ್ಷಾರ, ನೀರು, ಎಣ್ಣೆ ಎಂದು ಮೂರು ಬಗೆಯಲ್ಲಿ ಉಕ್ಕಿಗೆ ಹದ ಕೊಡುವುದು, ಉದ್ದಿನ ಬಣ್ಣದ ನುಣುಪು ಕಲ್ಲಿನ ಮೇಲೆ ಮಸೆಯುವುದು, ಹರಿತ ಕೆಡದಂತೆ ಬೂರುಗದ ಹಲಗೆಯನ್ನು ಬಳಸುವುದು ಇವೂ ಅಲ್ಲಿವೆ. ಅದು ಮನುಷ್ಯದೇಹದ ಶಸ್ತ್ರಚಿಕಿತ್ಸೆಯ ಗ್ರಂಥ, ಸೂಕ್ಷ್ಮದರ್ಶಕಕ್ಕೆ ಎಷ್ಟೋ ಶತಮಾನ ಮುಂಚಿನದು. ಹಾಗಿದ್ದೂ ಬಾಯಿ, ಹದ, ಸಾಣೆ, ಕಾಪಿಡುವುದು ಎಂಬ ನಾಲ್ಕನ್ನು ಒಟ್ಟಿಗೆ ಇಟ್ಟು ಯೋಚಿಸಿದ ಅದರ ಕ್ರಮ ಇಂದಿನ ಯಾವ ಪ್ರಯೋಗಾಲಯಕ್ಕೂ ಸಲ್ಲುತ್ತದೆ.

ಇತಿಹಾಸ

ಸೂಕ್ಷ್ಮಛೇದನವನ್ನು ಒಂದು ಶಾಸ್ತ್ರವಾಗಿ ಕಟ್ಟಿದವನು ಆಮ್‌ಸ್ಟರ್‌ಡಾಮಿನ ಯಾನ್ ಸ್ವಾಮರ್‌ಡಾಮ್ (1637–1680). ಜೇನುನೊಣ, ಒಂದು ದಿನದ ಬಾಳಿನ ಮೇಫ್ಲೈ, ಹೇನು, ಬಸವನಹುಳು ಇವುಗಳ ಒಳಗನ್ನು ಅವನಷ್ಟು ಸ್ವಚ್ಛವಾಗಿ ಬಿಡಿಸಿದವರು ಅದಕ್ಕೆ ಮುಂಚೆ ಇರಲಿಲ್ಲ. ಜೇನುಗೂಡಿನ ‘ರಾಜ’ನ ಹೊಟ್ಟೆಯಲ್ಲಿ ಅಂಡಾಶಯ ತೋರಿಸಿ ಅದು ರಾಣಿಯೆಂದು ಸಾಧಿಸಿದ್ದು ಅವನ ಕತ್ತರಿ. ಅವನ ಚಾಕು ಕತ್ತರಿಗಳು ಎಷ್ಟು ಸಣ್ಣವೆಂದರೆ ಅವನ್ನು ಸಾಣೆ ಹಿಡಿಯುವುದಕ್ಕೂ ಭೂತಗನ್ನಡಿ ಬೇಕಾಗಿತ್ತೆಂದು ಅವನ ಜೀವನ ಬರೆದ ಹರ್ಮನ್ ಬೂರ್ಹಾವೆ ಹೇಳುತ್ತಾನೆ. ಚಾಕುವಿಗಿಂತ ಕತ್ತರಿಯೇ ಅವನಿಗೆ ಮೆಚ್ಚು, ಏಕೆಂದರೆ ಚಾಕು ಮೆದುವಾದ ಅಂಗವನ್ನು ಪಕ್ಕಕ್ಕೆ ಸರಿಸುತ್ತದೆ, ಕತ್ತರಿ ಎರಡು ಕಡೆಯಿಂದ ಹಿಡಿದು ಕತ್ತರಿಸುತ್ತದೆ. ಈ ಕಾರಣ ಇಂದಿಗೂ ನಿಜ. ಸೂಕ್ಷ್ಮವಾಗಿ ಎಳೆದ ಗಾಜಿನ ನಳಿಗೆಗಳಿಂದ ಗಾಳಿ ಊದಿ, ಬಣ್ಣ ತುಂಬಿ ನಾಳಗಳನ್ನು ಎದ್ದು ಕಾಣುವಂತೆ ಮಾಡುವುದೂ ಅವನ ಕೌಶಲವಾಗಿತ್ತು. ಲೈಡನ್ನಿನ ಸಾಮ್ಯುಯೆಲ್ ಮುಸ್ಸೆನ್‌ಬ್ರೂಕ್ ಅವನಿಗೆ ಮಾಡಿಕೊಟ್ಟ ಛೇದನ ಸೂಕ್ಷ್ಮದರ್ಶಕದಲ್ಲಿ ಎರಡು ತೋಳುಗಳಿದ್ದವು, ಒಂದು ವಸ್ತುವನ್ನು ಹಿಡಿಯಲು, ಇನ್ನೊಂದು ಮಸೂರವನ್ನು ಹಿಡಿಯಲು. ಅವನ ಬರಹ ‘ಬಿಬ್ಲಿಯಾ ನಾಟುರೆ’ ಎಂಬ ಹೆಸರಿನಲ್ಲಿ ಅಚ್ಚಾದದ್ದು ಅವನು ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ, 1737–38ರಲ್ಲಿ.

ಅದೇ ಕಾಲದಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ರೇಷ್ಮೆಹುಳುವನ್ನು ಬಿಡಿಸಿ 1669ರಲ್ಲಿ ಪ್ರಕಟಿಸಿದ ಗ್ರಂಥ ಒಂದು ಕೀಟದ ಒಳರಚನೆಯನ್ನು ಪೂರ್ತಿಯಾಗಿ ಹೇಳಿದ ಮೊದಲ ಕೃತಿಗಳಲ್ಲಿ ಸೇರುತ್ತದೆ. ಕೀಟಗಳ ವಿಸರ್ಜನಾ ನಾಳಗಳಿಗೆ ಈಗಲೂ ಅವನ ಹೆಸರಿದೆ. ಮುಂದಿನ ಶತಮಾನದಲ್ಲಿ ಹೇಗ್ ನಗರದ ವಕೀಲ ಪಿಯರ್ ಲಿಯೊನೆ ಮರ ಕೊರೆಯುವ ಒಂದು ಪತಂಗದ ಕಂಬಳಿಹುಳುವನ್ನು ವರ್ಷಗಟ್ಟಲೆ ಬಿಡಿಸಿ, ಅದರಲ್ಲಿ 4,000ಕ್ಕೂ ಹೆಚ್ಚು ಸ್ನಾಯುಗಳನ್ನು ಎಣಿಸಿ, ತಾನೇ ತಾಮ್ರದ ಫಲಕಗಳಲ್ಲಿ ಕೊರೆದು ಅಚ್ಚು ಹಾಕಿಸಿದ. 1760ರಲ್ಲಿ ಹೊರಬಂದ ಆ ಚಿತ್ರಗಳು ನಂಬಲಾಗದಷ್ಟು ಸೂಕ್ಷ್ಮವಾಗಿದ್ದವು. ಜನ ಸಂಶಯಪಟ್ಟದ್ದರಿಂದ ತನ್ನ ಸಲಕರಣೆಗಳನ್ನೂ ವಿಧಾನವನ್ನೂ ಮುಂದಿನ ಮುದ್ರಣದಲ್ಲಿ ವಿವರಿಸಿದ.

ಸಲಕರಣೆಗಳ ಬೆಳವಣಿಗೆಗೆ ತಡೆಯಾಗಿದ್ದದ್ದು ಉಕ್ಕಿಗಿಂತ ಹೆಚ್ಚಾಗಿ ಸೂಕ್ಷ್ಮದರ್ಶಕ. ಸಾಮಾನ್ಯ ಸಂಯುಕ್ತ ಸೂಕ್ಷ್ಮದರ್ಶಕದಲ್ಲಿ ಬಿಂಬ ತಲೆಕೆಳಗು, ಎಡಬಲ ಅದಲುಬದಲು, ಆಳ ಕಾಣುವುದಿಲ್ಲ. ಕೈ ಬಲಕ್ಕೆ ಹೋದರೆ ಸೂಜಿ ಎಡಕ್ಕೆ ಹೋದಂತೆ ತೋರುತ್ತದೆ. ಪ್ಯಾರಿಸ್ಸಿನಲ್ಲಿದ್ದ ಅಮೆರಿಕನ್ ಜೀವವಿಜ್ಞಾನಿ ಹೊರೇಷಿಯೊ ಗ್ರೀನೊ ಎರಡು ಕಣ್ಣಿಗೆ ಎರಡು ಪ್ರತ್ಯೇಕ ನಳಿಗೆಗಳಿರುವ, ಬಿಂಬವನ್ನು ನೆಟ್ಟಗೆ ತೋರಿಸುವ ಸಾಧನವನ್ನು ಜರ್ಮನಿಯ ಜೈಸ್ ಸಂಸ್ಥೆಗೆ ಸೂಚಿಸಿದ. 1890ರ ದಶಕದ ಕೊನೆಗೆ ಅದು ಮಾರುಕಟ್ಟೆಗೆ ಬಂತು. ಇಂದು ಪ್ರತಿ ಪ್ರಾಣಿಶಾಸ್ತ್ರ ವಿಭಾಗದಲ್ಲೂ ಇರುವ ಸ್ಟೀರಿಯೊ ಮೈಕ್ರೊಸ್ಕೋಪು ಅದರದೇ ಸಂತತಿ. ಆಳ ಕಂಡಿತು, ಕೈಗೆ ಕಣ್ಣಿನ ಜೊತೆ ಸಿಕ್ಕಿತು. ಅದಾದ ಮೇಲೆ ಸೂಕ್ಷ್ಮಛೇದನ ಕೆಲವೇ ಪ್ರತಿಭಾವಂತರ ಕೈಚಳಕವಾಗಿ ಉಳಿಯಲಿಲ್ಲ. ಸ್ಟಾಕ್‌ಹೋಮಿನ ಕಿವಿವೈದ್ಯ ಕಾರ್ಲ್ ನೀಲೇನ್ 1921ರಲ್ಲಿ ಸೂಕ್ಷ್ಮದರ್ಶಕವನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ತಂದ. 1960ರಲ್ಲಿ ಅಮೆರಿಕದ ಜೂಲಿಯಸ್ ಜೇಕಬ್‌ಸನ್ ಒಂದೆರಡು ಮಿಲಿಮೀಟರ್ ಅಗಲದ ರಕ್ತನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಹೊಲಿದಾಗ ಅವನ ತಂಡ ಸಲಕರಣೆಗಾಗಿ ಅಕ್ಕಸಾಲಿಗರ ಪೆಟ್ಟಿಗೆಗೆ ಕೈಹಾಕಬೇಕಾಯಿತು. ಆಮೇಲೆ ಶಸ್ತ್ರವೈದ್ಯರಿಗೆಂದು ತಯಾರಾದ ಸಲಕರಣೆಗಳು ತಿರುಗಿ ಪ್ರಯೋಗಾಲಯಕ್ಕೆ ಬಂದವು.

ಚಿಮಟ

ಸ್ವಿಟ್ಜರ್ಲೆಂಡಿನ ಜೂರಾ ಸೀಮೆಯ ಗಡಿಯಾರದ ಕೆಲಸಕ್ಕೆ ಹುಟ್ಟಿದ ಡ್ಯೂಮೋಂ ಚಿಮಟಗಳು ಪ್ರಪಂಚದ ಎಲ್ಲ ಜೀವವಿಜ್ಞಾನ ಪ್ರಯೋಗಾಲಯಗಳಲ್ಲಿ ಸಿಗುತ್ತವೆ. ಆಕಾರಗಳಿಗೆ ಅಂಕಿಗಳೇ ಹೆಸರು. ನೆಟ್ಟಗೆ ಸಪೂರವಾಗಿ ಇಳಿಯುವ 5ನೆಯ ನಂಬರು ಎಲ್ಲಕ್ಕಿಂತ ಹೆಚ್ಚು ಬಳಕೆಯದು. 7ನೆಯದು ಬಾಗಿದ ಮೊನೆಯದು. 5ರ ಸಾಮಾನ್ಯ ಮೊನೆ ಸುಮಾರು 0.1 ಮಿ.ಮೀ. ಅಗಲ, 0.06 ಮಿ.ಮೀ. ದಪ್ಪ, ಜೀವವಿಜ್ಞಾನಕ್ಕೆಂದು ಇನ್ನೂ ಮಸೆದದ್ದು 0.05 ಮತ್ತು 0.02 ಮಿ.ಮೀ. ಹಣ್ಣುನೊಣದ ಮಿದುಳನ್ನು ತಲೆಯ ಚಿಪ್ಪಿನಿಂದ ಹೊರತೆಗೆಯುವುದು, ಜೀಬ್ರಾ ಮೀನಿನ ಭ್ರೂಣವನ್ನು ಅದರ ಹೊರಪೊರೆಯಿಂದ ಬಿಡಿಸುವುದು ಕೇವಲ ಎರಡು 5ನೆಯ ನಂಬರಿನ ಚಿಮಟಗಳಿಂದ ಆಗುತ್ತದೆ. ಹಿಡಿದು ಎಳೆದು ಹರಿಯುವುದೂ ಛೇದನದ ಒಂದು ರೀತಿ.

ಒಳ್ಳೆಯ ಚಿಮಟವನ್ನು ಗುರುತಿಸುವುದು ಮೊನೆ ಕೂಡುವ ಬಗೆಯಿಂದ. ಮೆಲ್ಲನೆ ಒತ್ತಿದಾಗ ತುದಿಗಳು ಮೊದಲು ಮುಟ್ಟಬೇಕು, ಒತ್ತುತ್ತಾ ಹೋದಂತೆ ಹಿಂದಿನ ಭಾಗ ಕೂಡಿಕೊಂಡು ಬರಬೇಕು. ಒತ್ತಿದಾಗ ತುದಿ ಬಿಚ್ಚಿಕೊಂಡರೆ ಅಥವಾ ಒಂದರ ಮೇಲೊಂದು ಹತ್ತಿದರೆ ಅದು ಕೆಟ್ಟ ಚಿಮಟ. ಹೊಸ ವಿದ್ಯಾರ್ಥಿಗಳ ಕೈಗೆ ಮೊನೆ ಬಾಗಿದ ಹಳೆಯ ಚಿಮಟ ಕೊಟ್ಟು ಕಲಿಸುವ ವಾಡಿಕೆ ಅನೇಕ ಕಡೆ ಇದೆ. ದುಡ್ಡಿನ ದೃಷ್ಟಿಯಿಂದ ಅದು ಅರ್ಥವಾಗುವಂಥದ್ದಾದರೂ ಕಲಿಕೆಯ ದೃಷ್ಟಿಯಿಂದ ತಪ್ಪು: ಕೂಡದ ಮೊನೆಯಿಂದ ಕಲಿತ ಕೈ ಬಿಗಿಯಾಗಿ ಒತ್ತುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ, ಮುಂದೆ ಒಳ್ಳೆಯ ಚಿಮಟ ಸಿಕ್ಕಾಗ ಅದನ್ನೂ ಬಾಗಿಸುತ್ತದೆ.

ಕತ್ತರಿ

ಬೆರಳು ತೂರಿಸುವ ಬಳೆಗಳಿರುವ ಕತ್ತರಿಯಲ್ಲಿ ಹೆಬ್ಬೆರಳಿನ ಪ್ರತಿ ಅಲುಗಾಟವೂ ಅಲಗಿಗೆ ಸಾಗುತ್ತದೆ. ಕಣ್ಣಿನ ಪಾಪೆ, ಮಸೂರದ ಪೊರೆ ಮುಂತಾದ ಕಡೆ ಕೆಲಸ ಮಾಡುವ ವೈದ್ಯರಿಗೆ ಅದು ಸಾಲದಾಯಿತು. 19ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಲೂಯಿ ದ ವೆಕರ್ ಚಿಮಟದಂತೆ ಒತ್ತಿ ಮುಚ್ಚುವ ಕತ್ತರಿಯನ್ನು ಬಳಕೆಗೆ ತಂದ. ಫಿನ್ಲೆಂಡಿನ ನೇತ್ರವೈದ್ಯ ಮೌನೊ ವನ್ನಾಸ್‌ನ ಹೆಸರಿನ ಕತ್ತರಿ ಇಂದು ನರವಿಜ್ಞಾನದ ಪ್ರತಿ ಮೇಜಿನ ಮೇಲೂ ಇದೆ. ಸ್ಪೇನಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಕಾರ್ನಿಯಾ ಕಸಿಯನ್ನು ಬೆಳೆಸಿದ ರಮೋನ್ ಕಾಸ್ಟ್ರೊವಿಯೆಹೊ ತನ್ನ ಹೆಸರಿನ ಕತ್ತರಿ, ಸೂಜಿಹಿಡಿಕೆ, ಬ್ಲೇಡು ಮುರಿದು ಹಿಡಿಯುವ ಇಕ್ಕುಳ ಹೀಗೆ ಒಂದು ಇಡೀ ಸಂಸಾರವನ್ನೇ ಬಿಟ್ಟುಹೋಗಿದ್ದಾನೆ.

ಸ್ಪ್ರಿಂಗ್ ಕತ್ತರಿಯ ಹಿಡಿ ಬೆನ್ನಿನಲ್ಲಿ ಕೂಡಿರುವ ಎರಡು ಉಕ್ಕಿನ ಪಟ್ಟಿ. ಅದನ್ನು ಪೆನ್ನಿನಂತೆ ಹಿಡಿಯುತ್ತಾರೆ. ಬೆರಳು ಸಡಿಲಿಸಿದರೆ ತಾನೇ ತೆರೆದುಕೊಳ್ಳುತ್ತದೆ. ಅಲಗಿನ ಉದ್ದ ಎರಡೂವರೆ ಮಿಲಿಮೀಟರಿನಿಂದ ಎಂಟು ಹತ್ತು ಮಿಲಿಮೀಟರಿನವರೆಗೆ. ಎರಡು ಅಲಗುಗಳು ಒಂದಕ್ಕೊಂದು ಪೂರ್ತಿ ಅಂಟಿಕೊಂಡಿರುವುದಿಲ್ಲ, ನಡುವೆ ಕಂಡೂ ಕಾಣದ ಬಾಗು ಇರುತ್ತದೆ. ಹೀಗಾಗಿ ಅವು ಒಂದೊಂದು ಕ್ಷಣಕ್ಕೆ ಒಂದೇ ಬಿಂದುವಿನಲ್ಲಿ ಮುಟ್ಟುತ್ತವೆ, ಕತ್ತರಿ ಮುಚ್ಚಿದಂತೆ ಆ ಬಿಂದು ಬುಡದಿಂದ ತುದಿಗೆ ಓಡುತ್ತದೆ. ಬಾಗು ಕೆಟ್ಟರೆ ಹರಿತವಿದ್ದೂ ಕತ್ತರಿ ಅಂಗಾಂಶವನ್ನು ಕಚ್ಚಿ ಎಳೆಯುತ್ತದೆ. ಇಂಥ ಕತ್ತರಿಯಿಂದ ಒಂದೇ ಒಂದು ಸಲ ಗುಂಡುಸೂಜಿ ಅಥವಾ ಮೂಳೆ ಕತ್ತರಿಸಿದರೆ ಸಾಕು, ಅಲಗಿನಲ್ಲಿ ಕಚ್ಚು ಬಿದ್ದು ಅದರ ಆಯುಷ್ಯ ಮುಗಿಯಿತು. ಪರೀಕ್ಷೆಗೆ ಒದ್ದೆ ಟಿಶ್ಯೂ ಕಾಗದವನ್ನು ತುದಿಯಿಂದ ಕತ್ತರಿಸಿ ನೋಡುತ್ತಾರೆ. ಅಂಚು ಎಳೆಯೆಳೆಯಾಗಿ ಬಿಟ್ಟರೆ ಸಾಣೆಗೆ ಕಳಿಸಬೇಕು.

ಬ್ಲೇಡು ಮತ್ತು ಸ್ಕಾಲ್ಪೆಲ್

ಅಲಗು ಬದಲಿಸಬಹುದಾದ ಸ್ಕಾಲ್ಪೆಲ್‌ಗೆ ಅಮೆರಿಕದ ಮಾರ್ಗನ್ ಪಾರ್ಕರ್ 1915ರಲ್ಲಿ ಪೇಟೆಂಟ್ ಪಡೆದ. 3ನೆಯ ನಂಬರಿನ ಹಿಡಿಗೆ 10, 11, 15ನೆಯ ಅಲಗುಗಳು. ಚೂಪು ಮೊನೆಯ 11 ಪ್ರಯೋಗಾಲಯದಲ್ಲಿ ಹೆಚ್ಚು ಓಡುತ್ತದೆ. ಆದರೆ ನಿಜವಾದ ಸೂಕ್ಷ್ಮ ಕೆಲಸಕ್ಕೆ ಸ್ಕಾಲ್ಪೆಲ್ ಅಲಗು ದಪ್ಪವೇ. ಅದಕ್ಕಿಂತ ಎಷ್ಟೋ ಅಗ್ಗವಾದ ಕ್ಷೌರದ ಬ್ಲೇಡು ಎಷ್ಟೋ ಹರಿತ. ಬ್ಲೇಡನ್ನು ಕಾಗದದೊಳಗೆ ಇಟ್ಟು ಇಕ್ಕುಳದಿಂದ ಕೋನವಾಗಿ ಮುರಿದರೆ ಎರಡು ಮೂರು ಮಿಲಿಮೀಟರಿನ ಚೂಪು ತುಂಡು ಸಿಗುತ್ತದೆ. ಅದನ್ನು ಹಿಡಿಕೆಗೆ ಕಚ್ಚಿಸಿಕೊಂಡರೆ ಅದೇ ಮೈಕ್ರೊ ಚಾಕು. ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಕಾಂಡದ ತೆಳು ಸೀಳು ತೆಗೆಯುವುದನ್ನು ಕಲಿಯುವುದು ಇದೇ ಬ್ಲೇಡಿನಿಂದ. ಇಂಜೆಕ್ಷನ್ ಸೂಜಿಯೂ ಒಳ್ಳೆಯ ಅಲಗೇ: ಅದರ ಓರೆ ಮೊನೆಯ ಎರಡು ಅಂಚು ಹರಿತವಾಗಿರುತ್ತವೆ. ಒಂದು ಮಿಲಿಮೀಟರ್ ಉದ್ದದ ದುಂಡುಹುಳು ಸೀನೊರ್ಹ್ಯಾಬ್ಡೈಟಿಸ್ ಎಲೆಗಾನ್ಸ್‌ನ ಜನನಾಂಗ ಹೊರತೆಗೆಯಲು 27 ಗೇಜಿನ ಎರಡು ಸೂಜಿಗಳನ್ನು ಹುಳುವಿನ ಕುತ್ತಿಗೆಯ ಮೇಲೆ ಅಡ್ಡಡ್ಡ ಹಾಯಿಸಿ ಕತ್ತರಿಸುತ್ತಾರೆ. ಒಳಗಿನ ಒತ್ತಡಕ್ಕೆ ಅಂಗ ತಾನಾಗಿ ಹೊರಕ್ಕೆ ಬರುತ್ತದೆ.

ಸೂಜಿ, ಗಾಜು, ಕೂದಲು

ಟಂಗ್‌ಸ್ಟನ್ ತಂತಿಯನ್ನು ಯಾವ ಸಾಣೆಯೂ ಇಲ್ಲದೆ ಮೈಕ್ರಾನಿಗಿಂತ ಚೂಪಾಗಿ ಮಾಡಬಹುದು. ಕಾಲು ಮಿಲಿಮೀಟರ್ ದಪ್ಪದ ತಂತಿಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿ ಕೆಲವು ವೋಲ್ಟ್ ವಿದ್ಯುತ್ ಹಾಯಿಸಿದರೆ ದ್ರಾವಣದ ಮೇಲ್ಮೈ ತಂತಿಯನ್ನು ಸುತ್ತುವ ಕಡೆ ಲೋಹ ಬೇಗ ಕರಗುತ್ತದೆ. ತಂತಿಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದರೆ ಉದ್ದನೆಯ ಇಳಿಜಾರು, ಸುಮ್ಮನೆ ಹಿಡಿದರೆ ಗಿಡ್ಡ ಮೊನೆ. ನರವಿಜ್ಞಾನಿ ಡೇವಿಡ್ ಹ್ಯೂಬೆಲ್ ಒಂಟಿ ನರಕೋಶಗಳ ಸಂಕೇತ ಹಿಡಿಯಲು 1957ರಲ್ಲಿ ವಿವರಿಸಿದ ಟಂಗ್‌ಸ್ಟನ್ ಎಲೆಕ್ಟ್ರೋಡ್ ಮಾಡುವ ಕ್ರಮವೂ ಇದೇ ಜಾತಿಯದು. ಕೋಳಿಯ ಭ್ರೂಣದಲ್ಲಿ ನರಕೊಳವೆಯ ಪಕ್ಕದ ಪದರವನ್ನು ಸೀಳಲು ಇಂಥ ಸೂಜಿಯೇ ಬೇಕು. ಫ್ರಾನ್ಸಿನ ನಿಕೋಲ್ ಲ ದ್ವಾರೆ ಲಾವುಗೆಹಕ್ಕಿಯ ಭ್ರೂಣದ ತುಣುಕನ್ನು ಕೋಳಿಭ್ರೂಣಕ್ಕೆ ನಾಟಿ ಜೀವಕೋಶಗಳ ವಲಸೆಯನ್ನು ಪತ್ತೆಹಚ್ಚಿದ ಪರಂಪರೆ 1969ರಿಂದ ಮೊದಲಾಯಿತು. ಕಸಿಯಾದ ತುಣುಕಿನ ಅಂಚು ಹರಿದಿದ್ದರೆ ಅದು ಹತ್ತುವುದೇ ಇಲ್ಲವಾದ್ದರಿಂದ ಅಲ್ಲಿ ಪ್ರಯೋಗದ ಭವಿಷ್ಯ ಸೂಜಿಯ ಮೊನೆಯಲ್ಲಿರುತ್ತದೆ.

ಈ ಶಾಸ್ತ್ರದ ಅತ್ಯಂತ ದೊಡ್ಡ ಫಲ ಬಂದದ್ದು ಅತ್ಯಂತ ಅಗ್ಗದ ಸಲಕರಣೆಗಳಿಂದ. ಜರ್ಮನಿಯ ಹಾನ್ಸ್ ಸ್ಪೀಮನ್ ನ್ಯೂಟ್ ಎಂಬ ಉಭಯವಾಸಿಯ ಮೊಟ್ಟೆಯನ್ನು ಎಳೆಮಗುವಿನ ಕೂದಲಿನ ಕುಣಿಕೆಯಿಂದ ಬಿಗಿದು ಎರಡು ಭಾಗ ಮಾಡಿ, ಕೆಲವು ಸಲ ಒಂದೇ ಮೊಟ್ಟೆಯಿಂದ ಎರಡು ಮರಿ ಬರುವುದನ್ನು ತೋರಿಸಿದ. ವಯಸ್ಕರ ಕೂದಲು ಅಷ್ಟು ಮೆತ್ತಗಿರುವುದಿಲ್ಲ. ಸಣ್ಣ ಗ್ಯಾಸ್ ಜ್ವಾಲೆಯಲ್ಲಿ ಗಾಜಿನ ಕಡ್ಡಿಯನ್ನು ಕಾಯಿಸಿ ಎಳೆದು ಅವನು ಸೂಜಿ ಮಾಡುತ್ತಿದ್ದ; ಅದಕ್ಕೆಂದೇ ಪುಟ್ಟ ಬರ್ನರನ್ನೂ ರೂಪಿಸಿದ. ಕೂದಲನ್ನು ಗಾಜಿನ ನಳಿಗೆಯ ತುದಿಯಲ್ಲಿ ಕುಣಿಕೆಯಾಗಿ ಮೇಣದಿಂದ ಕೂರಿಸಿದರೆ ಭ್ರೂಣವನ್ನು ಹೊರಳಿಸುವ, ಒತ್ತಿ ಹಿಡಿಯುವ ಸಾಧನ. ನಾಟಿದ ತುಣುಕು ಕೂಡಿಕೊಳ್ಳುವವರೆಗೆ ಅದನ್ನು ಅದುಮಿಡಲು ಬಾಗಿದ ಗಾಜಿನ ಸೇತುವೆ. 1924ರಲ್ಲಿ ಅವನೂ ಅವನ ಶಿಷ್ಯೆ ಹಿಲ್ಡೆ ಮಾಂಗೋಲ್ಡಳೂ ಪ್ರಕಟಿಸಿದ ಪ್ರಯೋಗ ನಡೆದದ್ದು ಇವುಗಳಿಂದಲೇ. ಬಣ್ಣದಲ್ಲಿ ಬೇರೆಯಾದ ಎರಡು ಜಾತಿಯ ನ್ಯೂಟ್‌ಗಳನ್ನು ಆರಿಸಿ, ಒಂದರ ಭ್ರೂಣರಂಧ್ರದ ಮೇಲ್ತುಟಿಯ ಚೂರನ್ನು ಇನ್ನೊಂದರ ಹೊಟ್ಟೆಯ ಕಡೆ ನಾಟಿದಾಗ ಅಲ್ಲಿ ಎರಡನೆಯ ದೇಹಾಕ್ಷವೇ ಎದ್ದಿತು, ಅದರ ಬಹುಭಾಗ ಆಶ್ರಯ ಕೊಟ್ಟ ಭ್ರೂಣದ ಕೋಶಗಳಿಂದಲೇ ಆಗಿತ್ತು. ಭ್ರೂಣ ತನ್ನನ್ನು ಹೇಗೆ ಕಟ್ಟಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಅದಕ್ಕಿಂತ ಸ್ಪಷ್ಟವಾದ ಉತ್ತರ ಆವರೆಗೆ ಸಿಕ್ಕಿರಲಿಲ್ಲ. ಹಿಲ್ಡೆ ಅದೇ ವರ್ಷ ಬೆಂಕಿ ಅಪಘಾತದಲ್ಲಿ ತೀರಿಕೊಂಡಳು. 1935ರ ನೊಬೆಲ್ ಸ್ಪೀಮನ್‌ಗೆ ಮಾತ್ರ ಸಂದಿತು. ಕೈಗಳು ಹೆಚ್ಚಾಗಿ ಅವಳವು ಎಂಬುದನ್ನು ವಿಶ್ವಕೋಶಗಳಾದರೂ ಮರೆಯಬಾರದು.

ಹುಬ್ಬಿನ ಕೂದಲು ಇಂದಿಗೂ ಬಳಕೆಯಲ್ಲಿದೆ. ಅದರ ತುದಿ ಸಹಜವಾಗಿಯೇ ಸಪೂರವಾಗಿ ಇಳಿಯುತ್ತದೆ, ಬಾಗುತ್ತದೆ, ಮುರಿಯುವುದಿಲ್ಲ. ಆಫ್ರಿಕದ ಕ್ಸೆನೊಪಸ್ ಕಪ್ಪೆಯ ಭ್ರೂಣದ ಪದರಗಳನ್ನು ಬಿಡಿಸುವವರು ಒಂದು ಕೈಯಲ್ಲಿ ಹುಬ್ಬುಗೂದಲಿನ ಚಾಕು, ಇನ್ನೊಂದರಲ್ಲಿ ಕೂದಲಿನ ಕುಣಿಕೆ ಹಿಡಿಯುತ್ತಾರೆ. ಉಕ್ಕು ಜೀವಕೋಶಗಳನ್ನು ಒಡೆಯುವ ಕಡೆ ಕೂದಲು ಅವುಗಳ ನಡುವಿನ ಸಂದಿಯನ್ನು ಹಿಡಿದು ಸಾಗುತ್ತದೆ.

ಕೈಯ ಸ್ಥಿರತೆಗೂ ಒಂದು ಮಿತಿಯಿದೆ. ಆರೋಗ್ಯವಂತರ ಕೈಯೂ ಸೆಕೆಂಡಿಗೆ 8ರಿಂದ 12 ಸಲ ಸಣ್ಣಗೆ ನಡುಗುತ್ತಿರುತ್ತದೆ. ಮಣಿಕಟ್ಟನ್ನು ಮೇಜಿಗೆ ಊರಿ, ಕಿರುಬೆರಳನ್ನು ಆಧಾರ ಮಾಡಿಕೊಂಡರೆ ಅದು ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಒಂಟಿ ಕೋಶದ ಒಳಗೆ ಕೆಲಸ ಮಾಡಬೇಕಾದಾಗ ತಿರುಪುಗಳಿಂದ ಚಲಿಸುವ ಮೈಕ್ರೊಮ್ಯಾನಿಪ್ಯುಲೇಟರ್ ಬೇಕೇಬೇಕು. ಮಾರ್ಷಲ್ ಬಾರ್ಬರ್ 1904ರಲ್ಲಿ ಒಂಟಿ ಬ್ಯಾಕ್ಟೀರಿಯವನ್ನು ಎತ್ತಿ ತೆಗೆಯಲು ಗಾಜಿನ ಪಿಪೆಟ್‌ಗಳನ್ನು ಹೀಗೆ ಬಳಸಿದ; ರಾಬರ್ಟ್ ಚೇಂಬರ್ಸ್ ಜೀವಂತ ಕೋಶಗಳನ್ನೇ ಸೂಜಿಯಿಂದ ಬಿಡಿಸಿದ; ಪ್ಯಾರಿಸ್ಸಿನ ಪಿಯರ್ ದ ಫೋನ್‌ಬ್ರೂನ್ ಸೂಕ್ಷ್ಮದರ್ಶಕದ ಕೆಳಗೆ ಗಾಜನ್ನು ಕಾಯಿಸಿ ರೂಪಿಸುವ ಮೈಕ್ರೊಫೋರ್ಜ್ ನಿರ್ಮಿಸಿದ.

ಮೇಜಿನ ಮೇಲೆ

ಹಣ್ಣುನೊಣ ಡ್ರಾಸೊಫಿಲದ ಜೊಲ್ಲುಗ್ರಂಥಿ ತೆಗೆಯುವುದು ಸೂಕ್ಷ್ಮಛೇದನದ ಮೊದಲ ಪಾಠ. ಟೆಕ್ಸಸ್ಸಿನ ಥಿಯೊಫಿಲಸ್ ಪೇಂಟರ್ 1933ರಲ್ಲಿ ಈ ಗ್ರಂಥಿಯ ದೈತ್ಯ ವರ್ಣತಂತುಗಳ ಪಟ್ಟೆಗಳನ್ನು ಜೀನ್‌ಗಳ ನಕ್ಷೆಗೆ ಹೊಂದಿಸಿದ ಮೇಲೆ ಅದು ಎಲ್ಲ ತಳಿಶಾಸ್ತ್ರ ತರಗತಿಗಳಿಗೆ ಬಂತು. ಡ್ರಾಸೊಫಿಲ ಸಂಶೋಧನೆಯಲ್ಲಿ ಹೆಸರಾದ, ನೊಣಗಳ ತಳಿಸಂಗ್ರಹ ಕೇಂದ್ರವನ್ನೂ ಹೊಂದಿರುವ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದನ್ನು ಕಲಿತು ಹೋದವರು ಅನೇಕ. ಬೇಕಾದದ್ದು ಎರಡು ಸೂಜಿ, ಗಾಜಿನ ಸ್ಲೈಡು, ಒಂದು ಹನಿ ಲವಣದ್ರಾವಣ. ಬಾಟಲಿಯ ಗೋಡೆ ಹತ್ತಿದ, ಕೊಬ್ಬಿದ ಮೂರನೆಯ ಹಂತದ ಡಿಂಭವನ್ನು ಹನಿಯಲ್ಲಿ ಬಿಟ್ಟು, ಎಡಗೈಯ ಸೂಜಿಯಿಂದ ಮೈಯ ನಡುವನ್ನು ಅದುಮಬೇಕು. ಬಲಗೈಯ ಸೂಜಿಯನ್ನು ಬಾಯಿಯ ಕಪ್ಪು ಕೊಕ್ಕೆಗಳ ಹಿಂದೆ ಊರಿ, ನಿಲ್ಲಿಸದೆ, ಜಗ್ಗದೆ, ಒಂದೇ ಸಮನೆ ಮುಂದಕ್ಕೆ ಎಳೆಯಬೇಕು. ತಲೆಯ ಜೊತೆ ಕರುಳು, ಮಿದುಳಿನ ಎರಡು ಗುಂಡು, ಅವುಗಳ ಪಕ್ಕದಲ್ಲಿ ಗಾಜಿನಷ್ಟು ತಿಳಿಯಾದ ಎರಡು ಚೀಲಗಳು ಬರುತ್ತವೆ. ಆ ಚೀಲಗಳ ಒಂದೊಂದು ಕೋಶವನ್ನೂ ಎಣಿಸಬಹುದು. ಬದಿಗೆ ಅಂಟಿರುವ ಬಿಳಿಯ ಪಟ್ಟಿ ಕೊಬ್ಬು. ಅದನ್ನು ಸೂಜಿಯ ಮೊನೆಯಿಂದ ಬಿಡಿಸದೆ ಹೋದರೆ ಆಮೇಲೆ ಅಸಿಟೊ-ಆರ್ಸೀನ್ ಬಣ್ಣ ಹಾಕಿ ಕವರ್‌ಸ್ಲಿಪ್ ಒತ್ತಿದಾಗ ವರ್ಣತಂತುಗಳು ಹರಡುವುದಿಲ್ಲ. ಗ್ರಂಥಿ ಹರಿದರೆ ತಪ್ಪು ಸಾಮಾನ್ಯವಾಗಿ ಬಲಗೈಯದಲ್ಲ, ಎಡಗೈ ತೀರ ಮುಂದೆ ಅದುಮಿರುತ್ತದೆ.

ಸಸ್ಯಗಳಲ್ಲಿ ಇದಕ್ಕೆ ಸಮನಾದ ಕೆಲಸ ಕುಡಿಯ ಬೆಳವಣಿಗೆಯ ತುದಿಯನ್ನು ತೆಗೆಯುವುದು. ಫ್ರಾನ್ಸಿನ ಜಾರ್ಜ್ ಮೊರೆಲ್ ಮತ್ತು ಕ್ಲೋದ್ ಮಾರ್ತೆಂ 1952ರಲ್ಲಿ ವೈರಸ್ ತಗುಲಿದ ಡೇಲಿಯಾ ಗಿಡದ ಕುಡಿತುದಿಯನ್ನು ಬೆಳೆಸಿ ವೈರಸ್ ಇಲ್ಲದ ಗಿಡ ಪಡೆದರು. ಆ ತುದಿಯ ಗುಮ್ಮಟ ಸುಮಾರು 0.1 ಮಿ.ಮೀ. ಮಾತ್ರ, ಒಂದೆರಡು ಎಲೆಮೊಳಕೆ ಸೇರಿಸಿದರೆ 0.2ರಿಂದ 0.5 ಮಿ.ಮೀ. ಅದಕ್ಕಿಂತ ದೊಡ್ಡದು ಕತ್ತರಿಸಿದರೆ ನಾಳಗಳ ಜೊತೆ ವೈರಸ್ಸೂ ಬರುವ ಭಯ, ಚಿಕ್ಕದಾದರೆ ತುಂಡೇ ಬದುಕುವುದಿಲ್ಲ. ಎಲೆಗಳನ್ನು ಒಂದೊಂದಾಗಿ ಸೂಜಿಯಿಂದ ಮಡಚಿ ತೆಗೆದು, ಕೊನೆಯ ಕೊಯ್ತಕ್ಕೆ ಹೊಸ ಬ್ಲೇಡಿನ ಚೂರು ಬಳಸುತ್ತಾರೆ. ಕರ್ನಾಟಕದ ತೋಟಗಳಿಗೆ ಬರುವ ಅಂಗಾಂಶ ಕೃಷಿಯ ಬಾಳೆಸಸಿಗಳ ಮೊದಲ ಹೆಜ್ಜೆಯೂ ಇದೇ, ಅಳತೆ ಮಾತ್ರ ದೊಡ್ಡದು: ಬಾಳೆಯ ಕಂದಿನ ಪದರಗಳನ್ನು ಸುಲಿದು ಒಳಗಿನ ಕುಡಿಯನ್ನು ತೆಗೆಯುತ್ತಾರೆ. ಬಾಳೆ ಕೊಯ್ದ ಕಡೆ ಫೀನಾಲುಗಳಿಂದ ಕಪ್ಪಾಗುತ್ತದೆ. ಮೊಂಡು ಅಲಗು ಹೆಚ್ಚು ಕೋಶಗಳನ್ನು ಜಜ್ಜುವುದರಿಂದ ಕಪ್ಪೂ ಹೆಚ್ಚು, ಸಾಯುವ ಕುಡಿಗಳೂ ಹೆಚ್ಚು. ಅಲಗು ಬದಲಿಸುವ ಖರ್ಚನ್ನು ಉಳಿಸುವವರು ಅದರ ಹಲವು ಪಾಲನ್ನು ಸಸಿಗಳಲ್ಲಿ ಕಳೆಯುತ್ತಾರೆ.

ಲೋಹ

ಹಳೆಯ ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ಬೇಗ ತುಕ್ಕು ಹಿಡಿಯುತ್ತದೆ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಸುಮಾರು 13% ಕ್ರೋಮಿಯಂ ಇರುವ ಉಕ್ಕನ್ನು ಎರಕ ಹೊಯ್ದ ಮೇಲೆ ತುಕ್ಕಿನ ಕಾಟ ಕಡಿಮೆಯಾಯಿತು. ಟೈಟಾನಿಯಂ ಉಕ್ಕಿಗಿಂತ ಹಗುರ, ಉಪ್ಪುನೀರಿಗೆ ಜಗ್ಗುವುದಿಲ್ಲ, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೆ ಮೆದು, ಬೇಗ ಮೊಂಡಾಗುತ್ತದೆ. ಬೆಲೆ ಹೆಚ್ಚೆಂಬ ಕಾರಣಕ್ಕೆ ಟೈಟಾನಿಯಂ ಕತ್ತರಿಯನ್ನು ಉತ್ತಮವೆಂದು ತಿಳಿಯಬೇಕಿಲ್ಲ. ತನಗಿಂತ ಸುಮಾರು 50 ಪಟ್ಟು ಮೆದುವಾದ ಕೂದಲು ಬ್ಲೇಡನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಅಮೆರಿಕದ ಎಂಐಟಿಯವರು 2020ರಲ್ಲಿ ತೋರಿಸಿದರು. ಉಕ್ಕಿನ ಒಳರಚನೆ ಎಲ್ಲೆಡೆ ಒಂದೇ ಸಮನಾಗಿಲ್ಲದ ಕಡೆ, ಕೂದಲು ಓರೆಯಾಗಿ ಬಾಗಿದಾಗ, ಅಂಚು ಚಕ್ಕೆ ಏಳುತ್ತದೆ. ಜರ್ಮನಿಯ ಟುಟ್‌ಲಿಂಗೆನ್ ಊರು ಮತ್ತು ಪಾಕಿಸ್ತಾನದ ಸಿಯಾಲ್‌ಕೋಟ್ ಇಂಥ ಸಲಕರಣೆಗಳ ಎರಡು ದೊಡ್ಡ ಕಸುಬಿನ ನೆಲೆಗಳು.

ಗಾಜಿನ ಚಾಕು, ವಜ್ರದ ಚಾಕು

ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ 50ರಿಂದ 90 ನ್ಯಾನೋಮೀಟರ್ ದಪ್ಪದ ಹೋಳು ಬೇಕು. ಸಾಮಾನ್ಯ ಉಕ್ಕಿನ ಅಲಗಿಗೆ ಅದು ಸುಲಭವಲ್ಲ. 1950ರಲ್ಲಿ ಲಟ್ಟಾ ಮತ್ತು ಹಾರ್ಟ್‌ಮನ್ ಒಡೆದ ಗಾಜಿನ ಅಂಚಿನಿಂದ ಅದನ್ನು ಸಾಧಿಸಿದರು. ಗಾಜಿಗೆ ಹರಳುಗಳ ಸಾಲಿಲ್ಲ, ಆದ್ದರಿಂದ ಒಡೆದ ಅಂಚು ಅಣುಗಳ ಮಟ್ಟದವರೆಗೆ ನಯ. ಆದರೆ ಆ ಅಂಚು ಬಹಳ ಹೊತ್ತು ನಿಲ್ಲುವುದಿಲ್ಲ. ಬೇಕಾದಾಗಲೆಲ್ಲ ಹೊಸದಾಗಿ ಒಡೆದುಕೊಳ್ಳಬೇಕು. ವೆನೆಜುವೆಲಾದ ಹುಂಬೆರ್ಟೊ ಫೆರ್ನಾಂಡೆಸ್-ಮೊರಾನ್ 1953ರಲ್ಲಿ ವಜ್ರದ ಚಾಕುವನ್ನು ಪ್ರಕಟಿಸಿದ. ಜತನದಿಂದ ಬಳಸಿದರೆ ಒಂದು ವಜ್ರದ ಅಂಚು ವರ್ಷಗಟ್ಟಲೆ ಬಾಳುತ್ತದೆ, ಆದರೆ ಒಂದು ಕಣ ಮರಳು ಅದನ್ನು ಮುಗಿಸುತ್ತದೆ.

ಲೇಸರ್

ಬೆಳಕಿನಿಂದ ಜೀವಕೋಶವನ್ನು ಚುಚ್ಚುವ ಯತ್ನ ಲೇಸರಿಗಿಂತ ಹಳೆಯದು. ರಷ್ಯದ ಸೆರ್ಗೇಯ್ ಚಖೋಟಿನ್ 1912ರಲ್ಲೇ ನೇರಿಳೆಯಾಚೆಯ ಕಿರಣವನ್ನು ಕೋಶದ ಒಂದು ಬಿಂದುವಿನ ಮೇಲೆ ಕೂಡಿಸಿದ್ದ. 1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಎಮರ್ಟ್-ಬಕ್ ಮತ್ತು ಸಂಗಡಿಗರು ಅವಕೆಂಪು ಲೇಸರಿನಿಂದ ಪ್ಲಾಸ್ಟಿಕ್ ಹಾಳೆಯನ್ನು ಬೇಕಾದ ಕೋಶಗಳ ಮೇಲೆ ಕರಗಿಸಿ ಅಂಟಿಸಿ, ಹಾಳೆಯ ಜೊತೆ ಅವನ್ನು ಎತ್ತಿಕೊಳ್ಳುವ ವಿಧಾನ ಹೊರತಂದರು. ಇನ್ನೊಂದು ವಿಧದಲ್ಲಿ ನೇರಿಳೆಯಾಚೆಯ ಲೇಸರ್ ಕೋಶಗಳ ಸುತ್ತ ಗೆರೆ ಕೊಯ್ಯುತ್ತದೆ, ಕೊಯ್ದ ತುಂಡು ಕೆಳಗಿನ ನಳಿಗೆಗೆ ಬೀಳುತ್ತದೆ ಅಥವಾ ಲೇಸರಿನ ಇನ್ನೊಂದು ಬಡಿತಕ್ಕೆ ಮೇಲಿನ ಮುಚ್ಚಳಕ್ಕೆ ಹಾರುತ್ತದೆ. ಗಡ್ಡೆಯೊಂದರ ತೆಳು ಹೋಳಿನಲ್ಲಿ ಕ್ಯಾನ್ಸರ್ ಕೋಶಗಳನ್ನಷ್ಟೇ ಆರಿಸಿ ಅವುಗಳ ಡಿಎನ್ಎ, ಆರ್‌ಎನ್ಎ ಓದಲು ಇದಕ್ಕೆ ಸಮನಾದುದಿಲ್ಲ. 2004ರಲ್ಲಿ ಫೆಮ್ಟೊಸೆಕೆಂಡ್ ಲೇಸರಿನಿಂದ ಜೀವಂತ ದುಂಡುಹುಳುವಿನ ಒಂದೇ ನರತಂತುವನ್ನು ಕತ್ತರಿಸಿ ಅದು ಮತ್ತೆ ಬೆಳೆಯುವುದನ್ನು ನೋಡಿದರು. ಆದರೂ ಹೆಚ್ಚಿನ ಲೇಸರ್ ಛೇದನಕ್ಕೆ ಸ್ಲೈಡಿನ ಮೇಲೆ ಒಣಗಿಸಿ ಕೂರಿಸಿದ ಚಪ್ಪಟೆ ಹೋಳು ಬೇಕು. ದ್ರಾವಣದಲ್ಲಿ ತೇಲುವ, ಮೂರು ಆಯಾಮದ, ಬದುಕಿಯೇ ಇರಬೇಕಾದ ಅಂಗವನ್ನು ಬಿಡಿಸಿ ತೆಗೆಯಲು ಚಿಮಟ, ಕತ್ತರಿ, ಸೂಜಿಗಳ ಜಾಗ ತೆರವಾಗಿಲ್ಲ. ಯಂತ್ರ ಕೊಳ್ಳುವ ಮುಂಚೆ ಸಂಸ್ಥೆಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು.

ಆರೈಕೆ

ಸಲಕರಣೆಗಳು ಬಳಸಿ ಕೆಡುವುದಕ್ಕಿಂತ ಇಟ್ಟು ಕೆಡುವುದೇ ಹೆಚ್ಚು. ಲವಣದ್ರಾವಣದ ಕ್ಲೋರೈಡು ತುಕ್ಕುನಿರೋಧಕ ಉಕ್ಕಿನಲ್ಲೂ ಗುಳಿ ಬೀಳಿಸುತ್ತದೆ. ಕೆಲಸ ಮುಗಿದ ಕೂಡಲೇ ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಆಲ್ಕೊಹಾಲಿನಲ್ಲಿ ಅದ್ದಿ, ಒಣಗಿಸಿ, ಮೊನೆಗೆ ಸಿಲಿಕೋನ್ ನಳಿಗೆಯ ತುಂಡು ತೊಡಿಸಿ ಇಡಬೇಕು. ಬ್ಲೀಚಿನ ಹತ್ತಿರ ಒಯ್ಯಬಾರದು. ಮೊನೆಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿದರೆ ಹದ ಹೋಗುತ್ತದೆ. ಕ್ರಿಮಿಶುದ್ಧಿಗೆ 121 ಡಿಗ್ರಿ ಸೆಲ್ಸಿಯಸ್ಸಿನ ಆಟೊಕ್ಲೇವ್ ಅಥವಾ ಬಿಸಿ ಗಾಜುಮಣಿಗಳ ಪಾತ್ರೆ ಸಾಕು. ಛೇದನದ ತಟ್ಟೆಯ ತಳಕ್ಕೆ ಬರಿ ಗಾಜು ಬಿಡದೆ ಮೆತ್ತನೆಯ ಸಿಲಿಕೋನ್ ಎರಕ ಹೊಯ್ದರೆ ಮೊನೆ ತಾಗಿ ಬಾಗುವುದು ತಪ್ಪುತ್ತದೆ, ಕೀಟ ಸಂಗ್ರಹಿಸುವವರ 0.1 ಮಿ.ಮೀ. ದಪ್ಪದ ಮಿನುಟಿಯೆನ್ ಎಂಬ ಗುಂಡುಸೂಜಿಗಳಿಂದ ಅಂಗವನ್ನು ಹರಡಿ ಕೂರಿಸುವುದಕ್ಕೂ ಆಗುತ್ತದೆ. ಉಕ್ಕಿನ ಚಿಮಟ ಕ್ರಮೇಣ ಅಯಸ್ಕಾಂತವಾದರೆ ಈ ಸೂಜಿಗಳು ಅದಕ್ಕೆ ಅಂಟಿಕೊಂಡು ಕೆಲಸ ಕೆಡಿಸುತ್ತವೆ. ಅದನ್ನು ಅಯಸ್ಕಾಂತತ್ವ ಕಳೆಯುವ ಸಾಧನದಲ್ಲಿ ಹಾಯಿಸಬೇಕು. ಸ್ವಲ್ಪ ಬಾಗಿದ ಮೊನೆಯನ್ನು ಸೂಕ್ಷ್ಮದರ್ಶಕದ ಕೆಳಗೆ, ಎರಡು ಮೊನೆಗಳನ್ನೂ ಮುಚ್ಚಿ ಹಿಡಿದು, ನಯವಾದ ಅರ್ಕನ್ಸಾ ಕಲ್ಲಿನ ಮೇಲೆ ಎಣ್ಣೆ ಹಾಕಿ ಹೊರಮೈಯನ್ನು ಮಸೆದು ಸರಿಪಡಿಸಬಹುದು. ಒಳಮೈಗೆ ಕಲ್ಲು ತಾಗಿಸಿದರೆ ಮೊನೆಗಳು ಮತ್ತೆ ಕೂಡುವುದಿಲ್ಲ. ಸ್ಪ್ರಿಂಗ್ ಕತ್ತರಿಯನ್ನು ಮಾತ್ರ ತಿಳಿದವರಿಗೇ ಬಿಡಬೇಕು. ಬಳಸಿದ ಬ್ಲೇಡು, ಸೂಜಿ, ಒಡೆದ ಗಾಜಿನ ಸೂಜಿಗಳನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಜೈವಿಕ ಅಥವಾ ವೈದ್ಯಕೀಯ ಮಾದರಿ ತಾಗಿದ ಲೋಹದ ಚೂಪು ವಸ್ತುಗಳನ್ನು ಚುಚ್ಚಿದರೆ ತೂತಾಗದ ಬಿಳಿಯ ಅರೆಪಾರದರ್ಶಕ ಡಬ್ಬಿಯಲ್ಲಿ ಬೇರೆಯಾಗಿ ಕೂಡಿಡಬೇಕೆಂದು ಭಾರತದ 2016ರ ಜೈವಿಕ-ವೈದ್ಯಕೀಯ ತ್ಯಾಜ್ಯ ನಿಯಮಗಳು ವಿಧಿಸುತ್ತವೆ.